ಮಾಡೆಲ್ ಕಾರಿಗೆ ಹೊಡೆದ ಸ್ಪ್ರೇ ಬಣ್ಣ ಕೆಟ್ಟರೆ: ಲಕ್ಷಣ ನೋಡಿ ಕಾರಣ ಹಿಡಿಯುವುದು ಹೇಗೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಯಾವುದಾದರೂ ಆಟೋ ಸ್ಪೇರ್ಸ್ ಅಂಗಡಿಗೆ ಹೋಗಿ ಟಚ್‌ಅಪ್ ಸ್ಪ್ರೇ ಕೇಳಿ. ಹತ್ತು ಬಣ್ಣದ ಡಬ್ಬಿ ಮುಂದಿಡುತ್ತಾರೆ. ಮಾಡೆಲ್‌ಗೆಂದೇ ಮಾಡಿದ ಬಣ್ಣ ಬೇಕೆಂದರೆ ನಾನು ಹೊರಗಿನಿಂದ ತರಿಸಬೇಕು, ವಾರಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಕಡೆ ಸ್ಕೇಲ್ ಮಾಡೆಲ್, ಅಂದರೆ ನಿಜವಾದ ವಾಹನದ ಪುಟ್ಟ ಪ್ರತಿಕೃತಿ, ಮಾಡುವವರಲ್ಲಿ ಹೆಚ್ಚಿನವರು ಕಾರಿನ ಡಬ್ಬಿಗೇ ಕೈ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಾನೂ ಅದನ್ನೇ ಬಳಸುತ್ತೇನೆ. ಆದರೆ ಆ ಬಣ್ಣ ಮಾಡಿರುವುದು ಉಕ್ಕಿನ ತಗಡಿಗೆ. ಬಿಡಿಭಾಗ ಜೋಡಿಸಿ ಮಾಡುವ ನಮ್ಮ ಕಿಟ್‌ನ ಬಾಡಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಬಣ್ಣದೊಳಗಿನ ಥಿನ್ನರ್ ಈ ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲದು.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. “ಮಾಮ, ಟಾಪ್ ಮೇಲೆಲ್ಲ ಬಿರುಕು ಬಿಟ್ಟೈತಿ. ಡಬ್ಬಿನೇ ಸರಿ ಇಲ್ಲ.” ಹೋಗಿ ನೋಡಿದೆ. ಎರೆ ಹೊಲ ಏಪ್ರಿಲ್‌ನಲ್ಲಿ ಸೀಳುತ್ತದಲ್ಲ, ಹಾಗೆ ಕೂದಲೆಳೆಯಷ್ಟು ಗೆರೆಗಳು. ಪಕ್ಕದಲ್ಲೇ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ. ಬಣ್ಣ ಹಸಿ ಇರುವಾಗಲೇ ಒರೆಸಿಬಿಟ್ಟಿದ್ದ. ಬಟ್ಟೆಯ ನೂಲು ಕರಗಿದ ಪ್ಲಾಸ್ಟಿಕ್‌ನಲ್ಲಿ ಹೂತು ಕೂತಿತ್ತು. ಬಿರುಕಿಗಿಂತ ಒರೆಸಿದ್ದರಿಂದ ಆದ ಹಾನಿಯೇ ಜಾಸ್ತಿ. ಡಬ್ಬಿಯಲ್ಲಿ ಯಾವ ದೋಷವೂ ಇರಲಿಲ್ಲ.

ಆದ್ದರಿಂದ ಮೊದಲ ಮಾತು ಇದು: ಬಣ್ಣ ಕೆಟ್ಟಿತು ಅನ್ನಿಸಿದ ಕೂಡಲೇ ಕೈ ತೆಗೆಯಿರಿ. ಒರೆಸಬೇಡಿ, ಮೇಲೆ ಇನ್ನೊಂದು ಕೋಟ್ ಹೊಡೆಯಬೇಡಿ. ಬಾಡಿಯನ್ನು ಹಾಗೇ ಇಟ್ಟು ಒಂದು ದಿನ ಒಣಗಲು ಬಿಡಿ. ಆಮೇಲೆ ಮೊಬೈಲ್ ಟಾರ್ಚನ್ನು ಬಾಡಿಗೆ ಓರೆಯಾಗಿ, ಮಾಡೆಲ್ ಕಾರಿನ ಬಾಗಿಲ ಮಟ್ಟದಲ್ಲಿ ಹಿಡಿದು ನೋಡಿ. ದೋಷ ಬಣ್ಣದ ಮೇಲ್ಪದರದಲ್ಲಿದೆಯಾ, ಪ್ಲಾಸ್ಟಿಕ್‌ಗೇ ಇಳಿದಿದೆಯಾ? ಬಣ್ಣದಲ್ಲಿದ್ದರೆ ಬಹುತೇಕ ಸರಿಮಾಡಬಹುದು. ಪ್ಲಾಸ್ಟಿಕ್‌ಗೆ ಇಳಿದಿದ್ದರೆ ಕೆಲಸ ಬೇರೆ.

ಡಬ್ಬಿ ಎತ್ತುವ ಮೊದಲು

ಸ್ಪ್ರೇ ಡಬ್ಬಿಯ ಗ್ಯಾಸ್‌ಗೂ ಥಿನ್ನರ್‌ಗೂ ಬೆಂಕಿ ಬೇಗ ಹತ್ತುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ದೇವರ ಮನೆಯ ದೀಪ, ಅಗರಬತ್ತಿ, ಗ್ಯಾಸ್ ಒಲೆ, ಗೀಸರ್ ಹತ್ತಿರದ ಕೋಣೆಯಲ್ಲಿ ಇದ್ದರೆ ಹೊಡೆಯಲೇಬೇಡಿ. ತಾರಸಿ ಅಥವಾ ತೆರೆದ ವರಾಂಡ ಸರಿ. ಧೂಳಿಗೆ ಹಾಕುವ ಎನ್95 ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಎಂದು ಬರೆದಿರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಮಾಸ್ಕ್ ಹಾಕಿಕೊಂಡರೂ ವಾಸನೆ ಬರತೊಡಗಿದರೆ ಕಾರ್ಟ್ರಿಜ್ ಮುಗಿದಿದೆ ಎಂದರ್ಥ, ಇಲ್ಲವೇ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿಲ್ಲ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು.

ಡಬ್ಬಿಯ ಹಿಂದೆ ‘2ಕೆ’ ಎಂದೋ, ಹಾರ್ಡ್‌ನರ್ ಇದೆ ಎಂದೋ ಬರೆದಿದ್ದರೆ ಅದನ್ನು ಮನೆಯಲ್ಲಿ ಬಳಸಬೇಡಿ. ಅದರಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕ್ಕೆ ಹೋದರೆ ಆಸ್ತಮಾ ಹಿಡಿಯಬಹುದು, ಒಮ್ಮೆ ಹಿಡಿದರೆ ಬಿಡದೆಯೂ ಇರಬಹುದು. ಹೊರಗಿನ ಗಾಳಿಯನ್ನು ಪೈಪ್‌ನಲ್ಲಿ ಕೊಡುವ ಮಾಸ್ಕ್ ಇರುವ ಬೂತ್‌ನಲ್ಲಿ ಮಾತ್ರ ಅದನ್ನು ಹೊಡೆಯಬೇಕು. ಹೊಳಪು ಎಷ್ಟೇ ಚೆನ್ನಾಗಿರಲಿ, ಅಂಗೈ ಅಗಲದ ಕಾರಿಗೆ ಆ ಅಪಾಯ ಬೇಡ.

ಡಬ್ಬಿ ಉಗುಳುತ್ತಿದೆ, ದಪ್ಪ ಹನಿ ಬೀಳುತ್ತಿದೆ

ಒಳಗಿನ ಗೋಲಿ ಸದ್ದು ಶುರುವಾದ ಮೇಲೂ ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ. ಹತ್ತು ಸೆಕೆಂಡ್ ಅಲ್ಲಾಡಿಸಿ ಸಾಕೆಂದುಕೊಳ್ಳುವವರೇ ಜಾಸ್ತಿ. ಆಮೇಲೂ ಉಗುಳಿದರೆ ನಾಝಲ್ ಕಿತ್ತು ಥಿನ್ನರ್‌ನಲ್ಲಿ ನೆನೆಸಿ, ಒರೆಸಿ ಹಾಕಿ. ಡಬ್ಬಿಯ ಬಾಯಿಗೆ ಪಿನ್ ಚುಚ್ಚಬೇಡಿ. ಚಳಿಗಾಲದ ಬೆಳಗ್ಗೆ ಒತ್ತಡ ಕಡಿಮೆ ಇರುತ್ತದೆ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಲ್ಲಿ, ಅಂದರೆ 35ರಿಂದ 40 ಡಿಗ್ರಿಯಲ್ಲಿ, ಹತ್ತು ನಿಮಿಷ ಇಡಿ. ಒಲೆ ಮೇಲೆ ಕಾಯಿಸುವುದು, ಕುದಿಯುವ ನೀರಿಗೆ ಹಾಕುವುದು ಎಂದಿಗೂ ಬೇಡ. 50 ಡಿಗ್ರಿ ದಾಟಬಾರದೆಂದು ಡಬ್ಬಿ ಮೇಲೇ ಬರೆದಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ.

ಕೆಲಸ ಮುಗಿದಾಗ ಡಬ್ಬಿ ತಲೆಕೆಳಗೆ ಹಿಡಿದು, ಬರೀ ಗ್ಯಾಸ್ ಬರುವ ತನಕ ಒಂದೆರಡು ಸಲ ಒತ್ತಿ. ಮುಂದಿನ ಸಲ ನಾಝಲ್ ಕಟ್ಟಿಕೊಂಡಿರುವುದಿಲ್ಲ.

ಮೈ ಮರಳು ಹಾಕಿದ ಹಾಗೆ ಒರಟಾಗಿದೆ

ಬಣ್ಣ ಗಾಳಿಯಲ್ಲೇ ಒಣಗಿ, ಪುಡಿಯಾಗಿ ಬಂದು ಕೂತಿದೆ. ಕಾರಣ ಮೂರು: ಡಬ್ಬಿ ದೂರ, ಬಿಸಿಲು, ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ. ಅಲ್ಲಿನ ಗೆಳೆಯರೊಬ್ಬರು ಮಹಡಿ ಮೇಲೆ ಹೊಡೆದ ಬಾನೆಟ್ ಒಂದು ಕಡೆ ನುಣುಪು, ಇನ್ನೊಂದು ಕಡೆ ಉಪ್ಪುಕಾಗದದ ಹಾಗಿತ್ತು. ಗಾಳಿ ಯಾವ ಕಡೆಯಿಂದ ಬೀಸಿತ್ತು ಎಂದು ಬಾನೆಟ್ ನೋಡಿಯೇ ಹೇಳಬಹುದಿತ್ತು.

20ರಿಂದ 25 ಸೆಂಟಿಮೀಟರ್ ದೂರ ಸಾಕು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿವರೆಗೆ ಚಾಚಿದ ಒಂದು ಗೇಣು ಹೆಚ್ಚುಕಡಿಮೆ ಅಷ್ಟೇ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಹೊಡೆಯಿರಿ. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರೊಳಗೆ ಬಾಡಿ ಇಟ್ಟರೆ ಗಾಳಿಗೂ ಧೂಳಿಗೂ ಅರ್ಧ ತಡೆ. ಆಗಲೇ ಒರಟಾಗಿದ್ದರೆ, ಪೂರ್ತಿ ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಮೆಲ್ಲಗೆ ಉಜ್ಜಿ, ಮತ್ತೆ ಒಂದು ತೆಳು ಕೋಟ್ ಕೊಡಿ.

ಕಿತ್ತಳೆ ಸಿಪ್ಪೆಯ ಹಾಗೆ ಗುಂಡಿ ಗುಂಡಿ

ಇದು ಒರಟಲ್ಲ. ಮುಟ್ಟಿದರೆ ನುಣುಪು, ಆದರೆ ಟ್ಯೂಬ್‌ಲೈಟ್ ಪ್ರತಿಬಿಂಬ ಅಲೆಅಲೆಯಾಗಿ ಕಾಣುತ್ತದೆ. ಬಣ್ಣ ಹರಡಿಕೊಳ್ಳುವ ಮೊದಲೇ ಬಿಗಿದುಕೊಂಡಿದೆ. ಡಬ್ಬಿ ಬೆಚ್ಚಗಿರಲಿ, ಕೊನೆಯ ಕೋಟ್ ಸ್ವಲ್ಪ ಹಸಿಯಾಗಿರಲಿ. ಒಣಗಿದ ಮೇಲೆ 1500, 2000, 3000 ಎಂದು ಏರುತ್ತಾ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿದರೆ ಗಾಜಿನಂತಾಗುತ್ತದೆ. ಬಾನೆಟ್ಟಿನ ಅಂಚು, ಬಾಗಿಲ ಗೆರೆಗಳ ಮೇಲೆ ಬೆರಳು ಒತ್ತಬೇಡಿ. ಅಲ್ಲಿ ಬಣ್ಣ ತೆಳು, ಎರಡು ಉಜ್ಜಿಗೆ ಪ್ರೈಮರ್, ಅಂದರೆ ಬಣ್ಣದಡಿ ಹಾಕುವ ಮೊದಲ ಪದರ, ಕಾಣುತ್ತದೆ.

ಬಣ್ಣದ ಮೇಲೆ ಬಿಳಿ ಮಂಜು

ಕಪ್ಪು ಬಣ್ಣ ಬೂದಿ ಬಳಿದಂತೆ ಕಾಣುತ್ತದೆ. ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಯಿಲೆ. ಥಿನ್ನರ್ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಗಾಳಿಯ ತೇವ 70 ಶೇಕಡಾ ದಾಟಿದ್ದರೆ ನಾನು ಡಬ್ಬಿ ಮುಟ್ಟುವುದಿಲ್ಲ.

ತೇವ ಅಳೆಯುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಇಲ್ಲದಿದ್ದಾಗ ನಮ್ಮೂರಿನ ಮೀಟರ್ ಇದೆಯಲ್ಲ, ಮಂಡಕ್ಕಿ! ಒಂದು ಹಿಡಿ ಗರಿಗರಿ ಮಂಡಕ್ಕಿಯನ್ನು ತಟ್ಟೆಯಲ್ಲಿ ಹರಡಿ ಬಣ್ಣ ಹೊಡೆಯುವ ಜಾಗದಲ್ಲೇ ಅರ್ಧ ಗಂಟೆ ಇಡಿ. ಒಂದು ಕಾಳು ಬಾಯಿಗೆ ಹಾಕಿ. ಕುರುಕುರು ಎಂದರೆ ಹೊಡೆಯಿರಿ. ಹಲ್ಲಿಗೆ ಅಂಟಿ ಮೆತ್ತಗಾಗಿದ್ದರೆ ಅವತ್ತು ಪ್ಲಾಸ್ಟಿಕ್ ಉಜ್ಜುವ ಕೆಲಸ ಮಾಡಿಕೊಳ್ಳಿ. (ಬಣ್ಣ ಶುರುವಾದ ಮೇಲೆ ಆ ತಟ್ಟೆಯದ್ದನ್ನು ತಿನ್ನಬೇಡಿ.) ನಾನು ಇದನ್ನು ಮೀಟರ್ ಪಕ್ಕದಲ್ಲಿಟ್ಟು ಹೋಲಿಸಿದ್ದೇನೆ. ಮಳೆಗಾಲದಲ್ಲಿ ಎರಡೂ ಒಂದೇ ಮಾತು ಹೇಳಿವೆ.

ಮಂಜು ಆಗಲೇ ಕೂತಿದ್ದರೆ ಬಿಸಿಲು ಬಿದ್ದ ಒಣ ದಿನದವರೆಗೆ ಕಾಯಿರಿ. ಬಣ್ಣ ಲ್ಯಾಕರ್ (ಥಿನ್ನರ್ ಆರಿದರೆ ಸಾಕು ಒಣಗುವ ಬಗೆ) ಆಗಿದ್ದರೆ ಅದೇ ಬಣ್ಣದ ಒಂದು ತೆಳು ಕೋಟ್ ಕೊಡಿ. ಹೊಸ ಥಿನ್ನರ್ ಹಳೆಯ ಪದರವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ತೇವ ಹೊರಬರುತ್ತದೆ, ಬಹಳ ಸಲ ಬಣ್ಣ ಮರಳುತ್ತದೆ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ. ತೆಳುವಾದ ಕಿಟಕಿ ಕಂಬಗಳು ಸೊಟ್ಟಗಾಗುತ್ತವೆ.

ಬಣ್ಣ ದೂರ ಸರಿದು ದುಂಡು ಕುಳಿ ಬಿದ್ದಿದೆ

ಪೇಂಟರ್‌ಗಳು ಇದನ್ನು ಫಿಶ್ ಐ ಎನ್ನುತ್ತಾರೆ. ಕುಳಿಯ ನಡುವೆ ಎಣ್ಣೆ ಇಲ್ಲವೇ ಸಿಲಿಕೋನ್ ಇರುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಸ್ಪ್ರೇಗಳಲ್ಲಿ ಸಿಲಿಕೋನ್ ಇರುವುದು ಸಾಮಾನ್ಯ. ಅದೇ ವರಾಂಡದಲ್ಲಿ ಬೈಕ್‌ಗೆ ಪಾಲಿಶ್ ಹೊಡೆದಿದ್ದರೂ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ಬಾಡಿ ಹಿಡಿದರೂ ಕಲೆ ಉಳಿಯುತ್ತದೆ. ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಹಳೆ ಬ್ರಷ್ ಹಾಕಿ ತೊಳೆಯಿರಿ. ಕೊನೆಯ ಜಾಲಾಡುವಿಕೆಗೆ ಫಿಲ್ಟರ್ ನೀರು ಇರಲಿ. ನಮ್ಮ ಬೋರ್ ನೀರು ಗಡಸು, ಒಣಗಿದರೆ ಸುಣ್ಣದ ಚುಕ್ಕೆ ಬಿಡುತ್ತದೆ, ಅದು ಬಣ್ಣದಡಿಯಲ್ಲಿ ಗಂಟಾಗಿ ಕಾಣುತ್ತದೆ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಕುಳಿಯ ಮೇಲೆ ಬಣ್ಣ ತುಂಬಿಸಿದರೆ ಮುಚ್ಚುವುದಿಲ್ಲ, ಇನ್ನೂ ಅಗಲವಾಗುತ್ತದೆ. ಒಣಗಿಸಿ, ಉಜ್ಜಿ, ತೊಳೆದು, ಮತ್ತೆ ತುಂತುರು ಕೋಟ್‌ನಿಂದ ಶುರುಮಾಡಿ.

ಬಣ್ಣ ಇಳಿದಿದೆ, ಬಾಗಿಲ ಗೆರೆ ಮುಚ್ಚಿಹೋಗಿದೆ

ಒಂದು ಲೆಕ್ಕ ಹಾಕಿ. ನಿಜವಾದ ಕಾರಿನ ಮೇಲೆ ಕಂಪನಿ ಬಣ್ಣ ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತದೆ. ಅಷ್ಟೇ ದಪ್ಪವನ್ನು 1:24 ಕಾರಿಗೆ, ಅಂದರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು ಅಳತೆಯ ಮಾಡೆಲ್‌ಗೆ, ಹೊಡೆದರೆ, ಆ ಅಳತೆಯಲ್ಲಿ ಅದು 2.4 ಮಿಲಿಮೀಟರ್ ದಪ್ಪದ ಗಿಲಾವು! ನಾಲ್ಕು ಮೀಟರ್ ಉದ್ದದ ಕಾರು ನಮ್ಮ ಕೈಯಲ್ಲಿ ಹದಿನೇಳು ಸೆಂಟಿಮೀಟರ್ ಕೂಡ ಇರುವುದಿಲ್ಲ. ಬಾಗಿಲ ಗೆರೆಗಳು ಕೂದಲಿನಷ್ಟು. ಕಾರಿನ ಸ್ಪ್ರೇ ಡಬ್ಬಿ ಬಣ್ಣವನ್ನು ಧಾರಾಳವಾಗಿ ಸುರಿಯುತ್ತದೆ. ಅದಕ್ಕೆ ಕೈ ನಿಲ್ಲಿಸಬಾರದು. ಬಾಡಿಗಿಂತ ಆಚೆಯೇ ಒತ್ತಲು ಶುರುಮಾಡಿ, ಬಾಡಿ ದಾಟಿದ ಮೇಲೆ ಬಿಡಿ. ಮೂರು ನಾಲ್ಕು ತೆಳು ಕೋಟ್, ನಡುವೆ ಹತ್ತು ಹದಿನೈದು ನಿಮಿಷ.

ಇಳಿದ ಹನಿಯನ್ನು ಹಸಿಯಲ್ಲಿ ಮುಟ್ಟಬೇಡಿ. ಎರಡು ದಿನ ಬಿಟ್ಟು, ಐಸ್‌ಕ್ರೀಂ ಕಡ್ಡಿಗೆ ವಾಟರ್ ಪೇಪರ್ ಸುತ್ತಿ ಹನಿಯನ್ನು ಮಾತ್ರ ಉಜ್ಜಿ. ಮುಚ್ಚಿದ ಗೆರೆಯನ್ನು ಚೂಪು ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಎಳೆದು ಬಿಡಿಸಬಹುದು.

ಮೆಟಾಲಿಕ್ ಬಣ್ಣ ಆಟಿಕೆಯಂತೆ ಕಾಣುತ್ತದೆ ಎನ್ನುವವರಿಗೂ ಇದೇ ಲೆಕ್ಕ. ಬೆಳ್ಳಿಯ ಕಣ ನಿಜವಾದ ಕಾರಿನ ಅಳತೆಯದ್ದು, ನಿಮ್ಮ ಕಾರಿನ ಮೇಲೆ 24 ಪಟ್ಟು ದೊಡ್ಡದು. ಇದು ದೋಷವಲ್ಲ, ಆಯ್ಕೆಯ ತಪ್ಪು. ನನ್ನ ಕೇಳಿದರೆ ಕಾರಿನ ಡಬ್ಬಿಯಲ್ಲಿ ಬಿಳಿ, ಕೆಂಪು, ಕಪ್ಪಿನಂಥ ಸಾದಾ ಬಣ್ಣ ತೆಗೆದುಕೊಳ್ಳಿ. ಮೆಟಾಲಿಕ್‌ಗೆ ಮಾತ್ರ ಮಾಡೆಲ್ ಬಣ್ಣ ತರಿಸಿ.

ಎರಡನೇ ಕೋಟ್ ಬಿದ್ದ ಕೂಡಲೇ ಚರ್ಮದಂತೆ ಸುಕ್ಕುಗಟ್ಟಿತು

ಅಡಿಯಲ್ಲಿ ಎನಾಮಲ್ (ನಿಧಾನವಾಗಿ ಗಟ್ಟಿಯಾಗುವ ಬಗೆಯ ಬಣ್ಣ), ಮೇಲೆ ಲ್ಯಾಕರ್. ಬಹುತೇಕ ಇಷ್ಟೇ. ಎನಾಮಲ್ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಹಸಿ ಇರುತ್ತದೆ. ಲ್ಯಾಕರ್ ಥಿನ್ನರ್ ಅದನ್ನು ಎಬ್ಬಿಸುತ್ತದೆ. ಲ್ಯಾಕರ್ ಮೇಲೆ ಎನಾಮಲ್ ಹೊಡೆಯಬಹುದು, ಉಲ್ಟಾ ಬೇಡ. ಎನಾಮಲ್ ಡಬ್ಬಿಯ ಹಿಂದೆ ಒಂದು ಗಂಟೆಯೊಳಗೆ ಇಲ್ಲವೇ 48 ಗಂಟೆಯ ನಂತರ ಮುಂದಿನ ಕೋಟ್ ಎಂಬಂಥ ಸೂಚನೆ ಇರುತ್ತದೆ. ಅದನ್ನು ಅಕ್ಷರಶಃ ಪಾಲಿಸಿ. ಸುಕ್ಕು ಉಜ್ಜಿದರೆ ಹೋಗುವುದಿಲ್ಲ. ಬಣ್ಣ ಪೂರ್ತಿ ತೆಗೆಯಲೇಬೇಕು. ಡೆಕಾಲ್ (ಬಾಡಿಗೆ ಅಂಟಿಸುವ ತೆಳು ಚಿತ್ರ) ಮೇಲೆ ಕ್ಲಿಯರ್ (ಬಣ್ಣವಿಲ್ಲದ ಮೇಲ್ಪದರ) ಹೊಡೆದಾಗ ಅದು ಮುದುಡಿದರೂ ಕಾರಣ ಅದೇ ಥಿನ್ನರ್. ಡೆಕಾಲ್ ಮೇಲೆ ಮೊದಲ ಎರಡು ಕೋಟ್ ಬರೀ ತುಂತುರು ಇರಲಿ.

ಟೇಪ್ ಕಿತ್ತರೆ ಬಣ್ಣವೂ ಬಂತು

ಕಿಟ್ ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ. ತೊಳೆದಿಲ್ಲ, ಪ್ರೈಮರ್ ಇಲ್ಲ, ಇಲ್ಲವೇ ಬಾಡಿ ಹೊಳಪಾಗೇ ಇತ್ತು. 1000 ನಂಬರಿನ ವಾಟರ್ ಪೇಪರ್‌ನಿಂದ ಹೊಳಪು ಮುರಿದು, ತೊಳೆದು, ಪ್ರೈಮರ್ ಹಾಕಿ. ಇಲ್ಲೊಂದು ಬಲೆ ಇದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಕೇಳಿದರೆ ಬಂಪರ್‌ಗೆ ಹೊಡೆಯುವುದನ್ನು ಕೊಡುತ್ತಾರೆ. ಬಂಪರ್ ಪಾಲಿಪ್ರೊಪಿಲೀನ್, ಥಿನ್ನರ್‌ಗೆ ಜಗ್ಗುವುದಿಲ್ಲ. ಆ ಪ್ರೈಮರ್ ನಮ್ಮ ಬಾಡಿಯನ್ನು ಕಡಿಯಬಹುದು.

ಕೂದಲೆಳೆ ಬಿರುಕು, ಪ್ಲಾಸ್ಟಿಕ್ ಮೆತ್ತಗಾಗಿದೆ

ಅಕ್ಕನ ಮಗನ ಕಾರಿಗೆ ಆದದ್ದು ಇದು. ಎಲ್ಲಕ್ಕಿಂತ ದುಬಾರಿ ದೋಷ, ತಡೆಯಲು ಎಲ್ಲಕ್ಕಿಂತ ಅಗ್ಗ. ಅಚ್ಚಿನಲ್ಲಿ ಎರಕ ಹೊಯ್ದಾಗ ಪ್ಲಾಸ್ಟಿಕ್ ಒಳಗೆ ಬಿಗುವು ಉಳಿದಿರುತ್ತದೆ. ಬಿಸಿ ಥಿನ್ನರ್ ತಗುಲಿದರೆ ಆ ಬಿಗುವೇ ಸೀಳಿಕೊಳ್ಳುತ್ತದೆ. ಅದಕ್ಕೇ ಬಿರುಕು ಮೊದಲು ಕಾಣುವುದು ಕಿಟಕಿ ಕಂಬದ ಬುಡದಲ್ಲಿ, ಟಾಪ್ ಅಂಚಿನಲ್ಲಿ. ‘ಬಿಸಿ’ ಎಂದರೆ ಕಾವಲ್ಲ, ಕರಗಿಸುವ ಶಕ್ತಿ. ಟಾಲ್ವೀನ್, ಕ್ಸೈಲೀನ್, ಅಸಿಟೋನ್ ಹೆಸರು ಡಬ್ಬಿ ಮೇಲಿದ್ದರೆ ಹುಷಾರು.

ಪರೀಕ್ಷೆ ಹೀಗೆ. ಮೊದಲು ಎಲ್ಲರೂ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡುತ್ತಿದ್ದೆವು. 2022ರ ಜುಲೈ 1ರಿಂದ ಅವುಗಳಿಗೆ ನಿಷೇಧ ಬಂತು, ಈಗ ಅಂಗಡಿಯಲ್ಲಿ ಸಿಗುವುದು ಮರದ ಚಮಚ. ಅದಕ್ಕಿಂತ ಒಳ್ಳೆಯದು ಕಿಟ್ ಪೆಟ್ಟಿಗೆಯಲ್ಲೇ ಇದೆ. ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟು, ಸ್ಪ್ರೂ ಎನ್ನುತ್ತೇವಲ್ಲ, ಅದು ನಿಮ್ಮ ಬಾಡಿಯದ್ದೇ ಪ್ಲಾಸ್ಟಿಕ್. ಅದರ ಚಪ್ಪಟೆ ಭಾಗದ ಅರ್ಧಕ್ಕೆ ಪ್ರೈಮರ್ ಹಾಕಿ ಒಣಗಿಸಿ, ಅರ್ಧ ಬರಿದಾಗಿ ಬಿಡಿ. ಎರಡರ ಮೇಲೂ ನಿಮ್ಮ ಬಣ್ಣ ಹಸಿಯಾಗಿ ಹೊಡೆಯಿರಿ. ಮಾರನೇ ದಿನ ಟಾರ್ಚ್ ಹಾಕಿ ನೋಡಿ, ಉಗುರು ಒತ್ತಿ ನೋಡಿ. ಬರಿದಾದ ಕಡೆ ಕೆಟ್ಟು, ಪ್ರೈಮರ್ ಇರುವ ಕಡೆ ಚೆನ್ನಾಗಿದ್ದರೆ ಪ್ರೈಮರ್ ಹಾಕಿ ಮುಂದುವರಿಯಿರಿ. ಎರಡೂ ಕಡೆ ಕೆಟ್ಟಿದ್ದರೆ ಆ ಡಬ್ಬಿ ಈ ಕಿಟ್‌ಗೆ ಬೇಡ. ಇದು ಆದ ಮೇಲೆ ಬಾಡಿಯ ಒಳಗಡೆ, ಟಾಪ್ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ ಇನ್ನೊಂದು ಸಲ ನೋಡಿ.

ಪ್ರೈಮರ್ ಕೂಡ ಮೊದಲ ಎರಡು ಕೋಟ್ ತುಂತುರಾಗಿಯೇ ಬೀಳಬೇಕು. ಅಡಿಯ ಪ್ಲಾಸ್ಟಿಕ್ ಇನ್ನೂ ಕಾಣುತ್ತಿರಬೇಕು. ಮೇಲೆ ಬಣ್ಣದ ಮೊದಲ ಕೋಟ್‌ಗೂ ಹಾಗೇ.

ಬಿರುಕು ಬಿದ್ದಾಗಿದೆ ಎಂದರೆ, ಒಂದು ವಾರ ಸುಮ್ನೆ ಬಿಡಿ. ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗಲಿ. ಉಗುರಿಗೆ ಗೆರೆ ಸಿಗದಿದ್ದರೆ 600ರಿಂದ ಶುರುಮಾಡಿ 1000ಕ್ಕೆ ಹೋಗಿ, ಪ್ರೈಮರ್ ಹಾಕಿ ಉಳಿಸಬಹುದು. ಉಗುರು ಸಿಕ್ಕಿಕೊಂಡರೆ, ಕಂಬ ಬಗ್ಗಿದರೆ, ಆ ಬಾಡಿ ಇನ್ನು ಪರೀಕ್ಷೆಗೆ ಮಾತ್ರ. ಮೊದಲ ಸಲ ಕಾರಿನ ಬಣ್ಣ ಬಳಸುವವರು ಲೋಹದ ಡೈಕಾಸ್ಟ್ ಬಾಡಿಯಿಂದ ಕಲಿಯುವುದು ಒಳ್ಳೆಯದು. ಥಿನ್ನರ್ ಲೋಹವನ್ನು ಏನೂ ಮಾಡುವುದಿಲ್ಲ. ಪ್ಲಾಸ್ಟಿಕ್ ಬಂಪರ್, ಗಾಜು ಮಾತ್ರ ಬಿಚ್ಚಿಡಿ.

ವಾರವಾದರೂ ಬೆರಳಚ್ಚು ಬೀಳುತ್ತಿದೆ

ಕೋಟ್ ದಪ್ಪವಾಗಿದೆ, ಇಲ್ಲವೇ ಡಬ್ಬಿ ಅಲ್ಲಾಡಿಸಿಲ್ಲ. ಮೂಗಿನ ಹತ್ತಿರ ಒಂದು ಕ್ಷಣ ಹಿಡಿದು ನೋಡಿ. ಥಿನ್ನರ್ ವಾಸನೆ ಇದ್ದರೆ ಇನ್ನೂ ಆರುತ್ತಿದೆ. ನೆರಳಲ್ಲಿ, ಗಾಳಿಯಾಡುವ ಕಡೆ ಇನ್ನೊಂದು ವಾರ ಬಿಡಿ. ವಾಸನೆ ಇಲ್ಲ, ಆದರೂ ಅಂಟುತ್ತಿದೆ ಎಂದರೆ ತೆಗೆದುಹಾಕುವುದೇ ದಾರಿ.

ಬಣ್ಣ ತೆಗೆಯುವುದು, ಮತ್ತು ಎಲ್ಲಿ ನಿಲ್ಲಿಸಬೇಕು?

ಪ್ಲಾಸ್ಟಿಕ್ ಬಾಡಿಗೆ ಥಿನ್ನರ್ ಎಂದೂ ಬೇಡ. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ನೋಡಿ. ಅದಕ್ಕೂ ಬೆಂಕಿ ಬೇಗ ಹತ್ತುತ್ತದೆ, ಮುಚ್ಚಳವಿರುವ ಡಬ್ಬ ಬೇಕು. ಅದಕ್ಕೆ ಬಗ್ಗದಿದ್ದರೆ ಡಾಟ್ 3 ಬ್ರೇಕ್ ಆಯಿಲ್. ಸ್ಪ್ರೂ ತುಂಡನ್ನು ಮೊದಲು ನೆನೆಸಿ ಪ್ಲಾಸ್ಟಿಕ್ ತಡೆಯುತ್ತದೆಯೇ ನೋಡಿ. ಕೈಗವಸು ಹಾಕಿ, ಗಂಟೆಗೊಮ್ಮೆ ತೆರೆದು ನೋಡಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಅದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ತಲೆ ಸುತ್ತಿದರೆ, ವಾಕರಿಕೆ ಬಂದರೆ ಕೆಲಸ ಬಿಟ್ಟು ಹೊರಗೆ ಹೋಗಿ. ಉಸಿರು ಬಿಗಿಹಿಡಿದರೆ ತಡಮಾಡದೆ ಆಸ್ಪತ್ರೆಗೆ. ಕಣ್ಣಿಗೆ ಬಣ್ಣ ಸಿಡಿದರೆ 15 ನಿಮಿಷ ನೀರಿನಿಂದ ತೊಳೆಯುತ್ತಲೇ ಇರಿ, ಆಮೇಲೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಎರಡು ಸಲ ತೆಗೆದು ಎರಡು ಸಲವೂ ಅದೇ ದೋಷ ಬಂದರೆ ಮೂರನೇ ಸಲ ಮನೆಯಲ್ಲಿ ಹೊಡೆಯಬೇಡಿ. ಹತ್ತಿರದ ಟಿಂಕರಿಂಗ್ ಶೆಡ್‌ನಲ್ಲಿ ಪೇಂಟರ್ ಅಣ್ಣ ಇರುತ್ತಾರಲ್ಲ, ಮಧ್ಯಾಹ್ನ ಊಟವಾದ ಮೇಲೆ ಬಿಡುವಿದ್ದಾಗ ಹೋಗಿ. ಕೆಟ್ಟ ಬಾಡಿ, ಪರೀಕ್ಷೆ ಮಾಡಿದ ಸ್ಪ್ರೂ ತುಂಡು, ಪ್ರೈಮರ್ ಮತ್ತು ಬಣ್ಣದ ಡಬ್ಬಿ, ಎಲ್ಲವನ್ನೂ ಜೊತೆಗೆ ಒಯ್ಯಿರಿ. ಯಾವ ಕೋಟ್ ಮೇಲೆ ಯಾವುದು, ನಡುವೆ ಎಷ್ಟು ಹೊತ್ತು ಬಿಟ್ಟಿರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.